ಸೀಗಡಿಯೋ, ಇಲಿಶ್ ಮೀನೋ? ಕಲ್ಕತ್ತದಲ್ಲೊಂದು ಹೌಸ್‌ಫುಲ್ ಭಾನುವಾರ!

ಗಾಂಧಿನಗರದಲ್ಲಿ ಇಬ್ಬರು ಸ್ಟಾರುಗಳ ಚಿತ್ರ ಒಂದೇ ಶುಕ್ರವಾರ, ಎದುರು-ಬದುರು ಥಿಯೇಟರುಗಳಲ್ಲಿ ಬಿಡುಗಡೆಯಾದರೆ ಏನಾಗುತ್ತೆ? ನಿಮಗೆ ನಾನು ಹೇಳಬೇಕೆ! ಕಟೌಟಿನ ಎತ್ತರಕ್ಕೆ ಜಗಳ, ಹಾರದ ಉದ್ದಕ್ಕೆ ಜಗಳ, ಕೊನೆಗೆ ಟಿಕೆಟ್ ಕೌಂಟರಿನ ಮುಂದೆ ಲಾಠಿ. ಈಗ ಆ ಗಲಾಟೆಯನ್ನೇ ಒಂದು ಇಡೀ ನಗರಕ್ಕೆ ಹರಡಿ, ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅಂತ ನೂರು ವರ್ಷ ಓಡಿಸಿ ನೋಡಿ. ಅದಕ್ಕೆ ಕಲ್ಕತ್ತದಲ್ಲಿ ಮೋಹನ್ ಬಗಾನ್ - ಈಸ್ಟ್ ಬೆಂಗಾಲ್ ಅಂತ ಹೆಸರು. ಫುಟ್‌ಬಾಲ್ ಅನ್ನೋದು ಅದಕ್ಕೊಂದು ನೆಪ ಅಷ್ಟೆ.

ನಾನು ನೋಡಿದ್ದು 2023ರ ಸೆಪ್ಟೆಂಬರ್ 3ರ ಪಂದ್ಯ. ಡ್ಯುರಾಂಡ್ ಕಪ್ ಫೈನಲ್. 1888ರಲ್ಲಿ ಶುರುವಾದ ಈ ಕಪ್ ಏಷ್ಯಾದಲ್ಲೇ ಹಳೆಯದು. ಅಲ್ಲಿಯವರೆಗೆ ಇಬ್ಬರೂ ಹದಿನಾರು ಹದಿನಾರು ಸಲ ಗೆದ್ದು ಸಮಸಮ ನಿಂತಿದ್ದರು. ಇದಕ್ಕೆ ಮೂರು ವಾರ ಮುಂಚೆ, ಆಗಸ್ಟ್ 12ರಂದು, ಸಾಲಾಗಿ ಎಂಟು ಡರ್ಬಿ ಸೋತು ತಲೆ ಎತ್ತಲಾರದೆ ಓಡಾಡುತ್ತಿದ್ದ ಈಸ್ಟ್ ಬೆಂಗಾಲ್ ನಂದಕುಮಾರ್ ಹೊಡೆದ ಒಂದೇ ಗೋಲಿನಿಂದ ಗೆದ್ದುಬಿಟ್ಟಿತ್ತು! ಹಾಗಾಗಿ ಫೈನಲ್ ಅಂದರೆ ಸೇಡಿನ ಕಥೆ, ಎರಡನೇ ಭಾಗ. ಇಂಥ ಚಿತ್ರವನ್ನು ನೋಡದೆ ಬಿಡೋದುಂಟೆ? ಟಿಕೆಟ್ ಹೇಗೆ ಸಿಕ್ಕಿತು ಅಂತ ಮಾತ್ರ ಕೇಳಬೇಡಿ.

ಪಂದ್ಯ ಸಂಜೆ 4ಕ್ಕೆ. ಹಿಂದಿನ ದಿನವೇ ರೈಲಿನಲ್ಲಿ ಬಂದಿಳಿದು ಹೌರಾ ಸ್ಟೇಷನ್ ಪಕ್ಕದ ಒಂದು ಲಾಡ್ಜಿನಲ್ಲಿ ತಿಗಣೆಗಳ ಜೊತೆ ರಾತ್ರಿ ಕಳೆದಿದ್ದೆ. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಹೌರಾ ಸೇತುವೆ ಮೇಲೆ ನಡೆಯುತ್ತಿದ್ದೆ. ಹಳೇ ಹಿಂದಿ ಚಿತ್ರಗಳಲ್ಲಿ ಹೀರೋ ಕಲ್ಕತ್ತಕ್ಕೆ ಬಂದ ಅಂತ ತೋರಿಸಲು ಒಂದೇ ಶಾಟ್ ಸಾಕಾಗಿತ್ತಲ್ಲ, ಅದೇ ಸೇತುವೆ. 1943ರಲ್ಲಿ ತೆರೆದದ್ದು. ನಟ್ಟು-ಬೋಲ್ಟು ಇಲ್ಲ, ಎಲ್ಲಾ ರಿವೆಟ್. ನದಿಯ ನಡುವೆ ಒಂದೂ ಕಂಬ ಇಲ್ಲ. ಕೆಳಗೆ ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆ. ನಮ್ಮ ಕೆ.ಆರ್. ಮಾರ್ಕೆಟ್ಟನ್ನು ಎತ್ತಿ ನದಿ ದಂಡೆಗೆ ಇಟ್ಟ ಹಾಗೆ, ಚೆಂಡುಹೂವಿನ ಬೆಟ್ಟ. ಹಾರ ಹೊತ್ತು ಓಡುತ್ತಿದ್ದ ಕೂಲಿಯವನೊಬ್ಬ ಕೆಂಪು-ಹಳದಿ ಬಟ್ಟೆಯನ್ನು ತಲೆಗೆ ಸುತ್ತಿದ್ದ. ಈಸ್ಟ್ ಬೆಂಗಾಲ್ ಬಣ್ಣ! ಬೆಳಿಗ್ಗೆ ಆರು ಗಂಟೆಗೇ!

ಅಲ್ಲಿಂದ ಬಸ್ಸು ಹಿಡಿದು ಉತ್ತರಕ್ಕೆ, ಕುಮಾರ್‌ಟುಲಿಗೆ. ದುರ್ಗೆಯ ಮೂರ್ತಿ ಮಾಡುವವರ ಕೇರಿ. ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಸಂದಿಯ ಎರಡೂ ಕಡೆ ಹುಲ್ಲಿನ ದೇವಿಯರು, ಮಣ್ಣು ಮೆತ್ತಿದ ದೇವಿಯರು, ತಲೆ ಇಲ್ಲದ ಸಿಂಹಗಳು. ಮೇಕಪ್ಪಿಗೆ ಮುಂಚೆ ಹೀರೋಯಿನ್ನುಗಳನ್ನು ನೋಡಿದ ಹಾಗಾಯ್ತು ಅಂದರೆ ದೇವಿ ಕ್ಷಮಿಸಲಿ. ಒಂದು ಶೆಡ್ಡಿನಲ್ಲಿ ಮಹಿಷಾಸುರನ ಎದೆಗೆ ಮಣ್ಣು ತಟ್ಟುತ್ತಿದ್ದ ಹುಡುಗನನ್ನು ನನ್ನ ಹರಕು-ಮುರುಕು ಹಿಂದಿಯಲ್ಲಿ ಕೇಳಿದೆ: "ಇವತ್ತು ಯಾರು ಗೆಲ್ತಾರೆ?"

ಅವನು ತಲೆ ಎತ್ತಲಿಲ್ಲ. "ಮೊದಲು ನೀವು ಹೇಳಿ. ಇಲಿಶೋ, ಚಿಂಗ್ರಿಯೋ?"

ಇದು ಇಲ್ಲಿಯ ಜಾತಿ ಕೇಳುವ ಪದ್ಧತಿ! ಚಿಂಗ್ರಿ ಅಂದರೆ ಸೀಗಡಿ. ಅದು ಮೋಹನ್ ಬಗಾನಿನವರದು. ಇಲಿಶ್ ಅಂದರೆ ಮುಳ್ಳು ಜಾಸ್ತಿ, ರುಚಿ ಅದಕ್ಕಿಂತ ಜಾಸ್ತಿ ಇರೋ ಹಿಲ್ಸಾ ಮೀನು. ಅದು ಈಸ್ಟ್ ಬೆಂಗಾಲಿನವರದು. ಯಾವ ತಂಡ ಗೆಲ್ಲುತ್ತೋ ಆ ಮೀನಿನ ರೇಟು ಆ ರಾತ್ರಿ ಏರುತ್ತೆ. "ನಾನು ಬೆಂಗಳೂರಿನವನು, ಬರೀ ಪ್ರೇಕ್ಷಕ" ಅಂದೆ. ಅಸುರನ ಎದೆಗೆ ಇನ್ನೊಂದು ಮುದ್ದೆ ಮಣ್ಣು ಬಡಿದು ನಕ್ಕ. ನಂಬಲಿಲ್ಲ ಅಂತ ಕಾಣುತ್ತೆ.

ಒಂದು ಕುರ್ಚಿ ಜಗಳ

ಕಥೆ ಶುರುವಾಗೋದೇ ಈ ಉತ್ತರ ಕಲ್ಕತ್ತದ ಗಲ್ಲಿಗಳಲ್ಲಿ. ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ, ಶ್ಯಾಮ್‌ಬಜಾರಿನ ಹತ್ತಿರದ ಒಂದು ದೊಡ್ಡ ಮನೆಯಲ್ಲಿ. 1911ರ ಜುಲೈ 29ರಂದು ಈ ಹುಡುಗರು ಬ್ರಿಟಿಷರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದರು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ! ಮೈದಾನದ ದೂರದಲ್ಲಿ ನಿಂತವರಿಗೆ ಸ್ಕೋರ್ ತಿಳಿಯಲಿ ಅಂತ ಗಾಳಿಪಟ ಹಾರಿಸಿದರಂತೆ. ಇದರ ಮೇಲೆ 2011ರಲ್ಲಿ 'ಎಗಾರೋ' ಅಂತ ಬಂಗಾಳಿ ಚಿತ್ರವೂ ಬಂತು. ಎಗಾರೋ ಅಂದರೆ ಹನ್ನೊಂದು. ಲಗಾನ್‌ಗೆ ಸಿಳ್ಳೆ ಹೊಡೆದ ನಾವು ನಿಜವಾಗಿ ನಡೆದ ಈ ಲಗಾನ್ ಬಗ್ಗೆ ಎಷ್ಟು ಜನ ಕೇಳಿದ್ದೇವೆ ಹೇಳಿ?

ಈಸ್ಟ್ ಬೆಂಗಾಲ್ ಹುಟ್ಟಿದ್ದು ಸಿಟ್ಟಿನಿಂದ. 1920ರ ಜುಲೈನಲ್ಲಿ ಮೋಹನ್ ಬಗಾನ್ ವಿರುದ್ಧ ಆಡಬೇಕಿದ್ದ ಜೋರಾಬಗಾನ್ ಕ್ಲಬ್, ಶೈಲೇಶ್ ಬೋಸ್ ಅನ್ನುವ ಆಟಗಾರನನ್ನು ಕೈಬಿಟ್ಟಿತು. ಪೂರ್ವ ಬಂಗಾಳದವನು ಅನ್ನುವುದೇ ಕಾರಣ ಅಂತ ಮಾತು. ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಎದ್ದು ಹೊರಬಂದರು. ಆಗಸ್ಟ್ 1ಕ್ಕೆ ಹೊಸ ಕ್ಲಬ್ಬೇ ತಯಾರು! ಇದಿಷ್ಟೇ ಆಗಿದ್ದರೆ ಬರೀ ಕುರ್ಚಿ ಜಗಳ ಅನ್ನಬಹುದಿತ್ತು. 1947ರಲ್ಲಿ ದೇಶ ಒಡೆಯಿತು. ಢಾಕಾ, ಬಾರಿಸಾಲ್, ಕೊಮಿಲ್ಲಾ ಕಡೆಯಿಂದ ಲಕ್ಷಗಟ್ಟಲೆ ಜನ ಗಂಟುಮೂಟೆ ಹೊತ್ತು ಕಲ್ಕತ್ತಕ್ಕೆ ಬಂದರು. ಮನೆ ಇಲ್ಲ, ನೌಕರಿ ಇಲ್ಲ, ಮಾತಾಡಿದರೆ ಸ್ಥಳೀಯ ಘೋಟಿಗಳು "ಬಾಂಗಾಲ್" ಅಂತ ಆಡಿಕೊಂಡು ನಗುತ್ತಿದ್ದರು. ಬಿಟ್ಟು ಬಂದ ಊರಿನ ಹೆಸರು ಉಳಿದಿದ್ದದ್ದು ಒಂದು ಫುಟ್‌ಬಾಲ್ ತಂಡದ ಮೇಲೆ ಮಾತ್ರ. ಶನಿವಾರ-ಭಾನುವಾರ ಆ ತಂಡ ಗೆದ್ದರೆ ಊರೇ ವಾಪಸ್ ಸಿಕ್ಕಿದ ಹಾಗೆ.

ಆ ನಿರಾಶ್ರಿತರ ಬದುಕು ಹೇಗಿತ್ತು ಅಂತ ನೋಡಬೇಕಾದರೆ ಋತ್ವಿಕ್ ಘಟಕ್ ಅವರ 1960ರ 'ಮೇಘೆ ಢಾಕಾ ತಾರಾ' ನೋಡಿ. ಬಂಗಾಳಿ ಆರ್ಟ್ ಪಿಕ್ಚರಾ ಅಂತ ಮೂಗು ಮುರೀಬೇಡಿ ಗುರುಗಳೇ! ಇಡೀ ಮನೆಯನ್ನು ಒಬ್ಬಳೇ ಹೆಣ್ಣುಮಗಳು ದುಡಿದು ಸಾಕುವ ಕಥೆ. ಬಾಲಚಂದರ್ ತಮಿಳಿನಲ್ಲಿ 'ಅವಳ್ ಒರು ತೊಡರ್ ಕಥೈ' ತೆಗೆದರಲ್ಲ, ಅದಕ್ಕೆ ಇದೇ ಸ್ಫೂರ್ತಿ ಅಂತ ಹೇಳುವವರು ಬಹಳ ಜನ. ಅದೇ ಕನ್ನಡದಲ್ಲಿ 1983ರ 'ಬೆಂಕಿಯಲ್ಲಿ ಅರಳಿದ ಹೂವು' ಆಯಿತು. ಸುಹಾಸಿನಿಗಾಗಿ ಕಣ್ಣೀರು ಹಾಕಿದ ನಿಮ್ಮ ಅಮ್ಮನನ್ನು ಕೇಳಿ. ಪದ್ಮಾ ನದಿಯ ನೀರು ಎಲ್ಲಿಂದ ಎಲ್ಲಿಗೆ ಹರಿಯಿತು ನೋಡಿ!

ಶ್ಯಾಮ್‌ಬಜಾರಿನಲ್ಲಿ ಕಚೂರಿ, ಆಲೂ ಪಲ್ಯ, ಬಿಸಿ ಜಿಲೇಬಿ ಬಾರಿಸಿ ಟ್ರಾಮ್ ಹತ್ತಿದೆ. 1873ರಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮಿನ ಊರು ಇದು. ನಾನು ಹತ್ತಿದ ಗಾಡಿ ಕುದುರೆಗಿಂತ ಬೇಗ ಹೋಯಿತು ಅಂತ ಪ್ರಮಾಣ ಮಾಡಿ ಹೇಳಲಾರೆ. ಮರುವರ್ಷ, 2024ರಲ್ಲಿ, ಮೈದಾನದ ಒಂದು ಹಾದಿ ಬಿಟ್ಟು ಉಳಿದ ಟ್ರಾಮು ನಿಲ್ಲಿಸುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿದ್ದನ್ನು ಪೇಪರಿನಲ್ಲಿ ಓದಿದಾಗ ಆ ಗಂಟೆಯ ಸದ್ದೇ ಕಿವಿಗೆ ಬಂತು. ದಾರಿಯಲ್ಲಿ ಹಾತಿಬಾಗಾನ್. ಒಂದು ಕಾಲಕ್ಕೆ ಸಾಲು ಸಾಲು ಚಿತ್ರಮಂದಿರಗಳಿದ್ದ ಬೀದಿ. ಬಹುಪಾಲು ಬಾಗಿಲು ಹಾಕಿವೆ. ನಮ್ಮ ಗಾಂಧಿನಗರದಲ್ಲಿ ಕಪಾಲಿ ಹೋದಾಗ ಹೊಟ್ಟೆಯಲ್ಲಿ ಆದ ಸಂಕಟವೇ ಇಲ್ಲೂ ಆಯಿತು.

ಕಾಲೇಜ್ ಸ್ಟ್ರೀಟಿನಲ್ಲಿ ಇಳಿದೆ. ಭಾನುವಾರವಾದ್ದರಿಂದ ಪುಸ್ತಕದಂಗಡಿಗಳು ಮುಚ್ಚಿದ್ದವು. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಅದರಿಂದೇನೂ ನಷ್ಟವಾಗಲಿಲ್ಲ! ಕಾಫಿ ಹೌಸ್ ಮಾತ್ರ ತೆರೆದಿತ್ತು. ಎತ್ತರದ ಛಾವಣಿ, ಹಳೇ ಫ್ಯಾನು, ತಲೆಗೆ ಪೇಟ ಕಟ್ಟಿದ ಸಪ್ಲೈಯರುಗಳು. ಕಾಫಿ? ಚಿಕ್ಕಮಗಳೂರಿನ ನಾಡಿನವನಾಗಿ ಅದರ ಬಗ್ಗೆ ಬಾಯಿ ಬಿಡದಿರುವುದೇ ಮರ್ಯಾದೆ. ಆದರೆ ಹರಟೆ? ಫಸ್ಟ್ ಕ್ಲಾಸ್! ಒಂದು ಟೇಬಲಿನಲ್ಲಿ ಉಪ್ಪಿನ ಡಬ್ಬಿ ಗೋಲಿ, ಸಕ್ಕರೆ ಬಟ್ಟಲು ಸೆಂಟರ್ ಫಾರ್ವರ್ಡ್, ಫೈನಲ್ ಆಗಲೇ ನಡೆಯುತ್ತಿತ್ತು.

ಈ ಕಾಫಿ ಹೌಸಿನ ಕಳೆದುಹೋದ ಗೆಳೆಯರ ಮೇಲೆ ಮನ್ನಾ ಡೇ 1983ರಲ್ಲಿ ಹಾಡಿದ ಹಾಡು ಬಂಗಾಳಿಗಳಿಗೆ ಹೆಚ್ಚುಕಡಿಮೆ ನಾಡಗೀತೆ. ಅದಕ್ಕೂ ಮುಂಚೆ, 1971ರ 'ಧನ್ಯಿ ಮೇಯೆ' ಚಿತ್ರದಲ್ಲಿ ಫುಟ್‌ಬಾಲ್ ಮೇಲೆ ಒಂದು ಹಾಡು ಹೇಳಿದ್ದರು. ಉತ್ತಮ್ ಕುಮಾರ್ ಅದರಲ್ಲಿ ಫುಟ್‌ಬಾಲ್ ಹುಚ್ಚಿನ ಅಣ್ಣ, ಜಯಾ ಭಾದುರಿ ಹಳ್ಳಿ ಹುಡುಗಿ. ಈ ಮನ್ನಾ ಡೇ ಕೊನೆಗಾಲ ಕಳೆದದ್ದು ಎಲ್ಲಿ ಗೊತ್ತೆ? ನಮ್ಮ ಬೆಂಗಳೂರಿನಲ್ಲಿ. 2013ರ ಅಕ್ಟೋಬರ್ 24ರಂದು ತೀರಿಕೊಂಡದ್ದೂ ಅಲ್ಲೇ. ಇದನ್ನು ಪಕ್ಕದ ಟೇಬಲಿನವರಿಗೆ ಹೇಳಿದ್ದೇ ತಡ, ನನ್ನ ಕಾಫಿಯ ಬಿಲ್ಲು ಅವರೇ ಕೊಟ್ಟರು. ಬೆಂಗಳೂರಿನವನಾಗಿ ಹುಟ್ಟಿದ್ದರಿಂದ ಆದ ಲಾಭ ಅದೊಂದು.

ಬರಿಗಾಲಿನ ಪಾಂಡವರು

ಎಸ್‌ಪ್ಲನೇಡಿನಿಂದ ಆಚೆಗೆ ಮೈದಾನ್. ಕಣ್ಣು ಹಾಯಿಸಿದಷ್ಟೂ ಹುಲ್ಲು, ಕುರಿಗಳು, ಕ್ರಿಕೆಟ್ ಆಡುವ ಹುಡುಗರು. ಕ್ಲಬ್ಬುಗಳ ಮನೆಗೆ ಇವತ್ತಿಗೂ ಟೆಂಟ್ ಅಂತಲೇ ಕರೆಯೋದು. ಈಸ್ಟ್ ಬೆಂಗಾಲ್ ಟೆಂಟಿನ ಗೇಟಿನ ಹತ್ತಿರ ಬಾವುಟ ಮಾರುವವನ ಮುಂದೆ ಒಬ್ಬರು ನಿಂತಿದ್ದರು. ಅರವತ್ತು ದಾಟಿದ ವಯಸ್ಸು, ಕೊರಳಿಗೆ ಕೆಂಪು-ಹಳದಿ ಶಾಲು. ಅವರ ಕೈ ಹಿಡಿದ ಎಂಟು ವರ್ಷದ ಮೊಮ್ಮಗ ಹಾಕಿದ್ದು ಮೋಹನ್ ಬಗಾನಿನ ಹಸಿರು-ಮೆರೂನ್ ಜೆರ್ಸಿ! ನಾನು ಬಾಯಿ ಬಿಟ್ಟು ನೋಡಿದ್ದನ್ನು ಕಂಡು ಅವರೇ ಹೇಳಿದರು: "ಏನು ಮಾಡೋದು ತಮ್ಮಾ, ಮಗ ಘೋಟಿ ಮನೆ ಹುಡುಗೀನ ಲವ್ ಮಾಡ್ದ. ಮದುವೆಗೆ ಒಪ್ಪಿದೆ. ಇದನ್ನ ಮಾತ್ರ ತಪ್ಪಿಸೋಕೆ ಆಗಲಿಲ್ಲ."

ಅಲ್ಲಿಂದ ಮುಂದೆ ಅವರೇ ನನ್ನ ಗೈಡು. ನಾನು "ಕಾಕು" ಅಂತ ಕರೆದೆ. ಬಂಗಾಳಿಯಲ್ಲಿ ಚಿಕ್ಕಪ್ಪ. ಬೆಂಗಳೂರು ಅಂದ ತಕ್ಷಣ ಅವರ ಮುಖ ಅರಳಿತು. "ಅಹ್ಮದ್ ಖಾನ್ ಊರು!" ಅಂದರು. ಎಷ್ಟು ಜನ ಕನ್ನಡಿಗರಿಗೆ ಆ ಹೆಸರು ಗೊತ್ತು? 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಬೆಂಗಳೂರಿನ ಹುಡುಗ. 1949ರಿಂದ ಈಸ್ಟ್ ಬೆಂಗಾಲಿನ ಮುಂದಿನ ಸಾಲಿನಲ್ಲಿ ಐದು ಜನ ದಕ್ಷಿಣದವರು ಆಡಿದರು: ಸಾಲೆ, ಅಪ್ಪಾರಾವ್, ಧನರಾಜ್, ವೆಂಕಟೇಶ್ ಮತ್ತು ನಮ್ಮ ಅಹ್ಮದ್ ಖಾನ್. ಕಲ್ಕತ್ತದ ಜನ ಇಟ್ಟ ಹೆಸರು ಪಂಚ ಪಾಂಡವರು. ಊರು ಕಳೆದುಕೊಂಡು ಬಂದ ಬಂಗಾಳಿಗಳಿಗೆ ಕಣ್ಣೊರೆಸಿದವರು ಬಂಗಾಳಿ ಬಾರದ ಐದು ಜನ! ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಾವು ಎಷ್ಟು ಜನ ಹೋಗಿ ಹಾರ ಹಾಕಿದೆವು, ನಿಮ್ಮನ್ನೇ ಕೇಳಿಕೊಳ್ಳಿ. ಮೋಹನ್ ಬಗಾನಿಗೂ ಬೆಂಗಳೂರು ಕೊಟ್ಟಿದೆ. 2024ರ ಅಜಯ್ ದೇವಗನ್ ಚಿತ್ರ 'ಮೈದಾನ್' ನೋಡಿದ್ದೀರಲ್ಲ, ಆ 1962ರ ಜಕಾರ್ತಾ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಅವರೂ ಬೆಂಗಳೂರಿನವರೇ.

ರಸ್ತೆಯ ತುದಿಯಲ್ಲಿ ಗೋಷ್ಠೋ ಪಾಲ್ ಪ್ರತಿಮೆ. ಬರಿಗಾಲಲ್ಲಿ ಆಡಿ ಬ್ರಿಟಿಷರನ್ನು ತಡೆದ ಮೋಹನ್ ಬಗಾನಿನ ಚೀನಾ ಗೋಡೆ. ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲಿಗ. ಹುಟ್ಟಿದ್ದು? ಪೂರ್ವ ಬಂಗಾಳದ ಫರೀದ್‌ಪುರದಲ್ಲಿ! ಕಾಕು ಪ್ರತಿಮೆಗೆ ಕೈಮುಗಿದು ಮೊಮ್ಮಗನಿಗೆ ಕಣ್ಣು ಹೊಡೆದರು. "ನಿಮ್ಮ ದೇವರು ನಮ್ಮೂರಿನವನು ಕಣೋ."

ಟೀ ಅಂಗಡಿಯಲ್ಲಿ ಮಣ್ಣಿನ ಕುಡಿಕೆಯ ಚಹಾ ಹೀರುತ್ತಾ ಎಸ್.ಡಿ. ಬರ್ಮನ್ ಕಥೆ ತೆಗೆದರು. ಕೊಮಿಲ್ಲಾದಲ್ಲಿ ಹುಟ್ಟಿದ ಬರ್ಮನ್‌ದಾ ಈಸ್ಟ್ ಬೆಂಗಾಲಿನ ಕಟ್ಟಾ ಅಭಿಮಾನಿ. 1975ರ ಸೆಪ್ಟೆಂಬರ್ 30ರಂದು ಐ.ಎಫ್.ಎ. ಶೀಲ್ಡ್ ಫೈನಲ್ಲಿನಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನನ್ನು 5-0ಯಿಂದ ತೊಳೆದುಹಾಕಿತು. ಬೊಂಬಾಯಿಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದ ಅಪ್ಪನ ಕಿವಿಯಲ್ಲಿ ಪಂಚಮ್ ಆ ಸುದ್ದಿ ಹೇಳಿದಾಗ ಒಂದು ಸಲ ಕಣ್ಣು ತೆರೆದರು ಅನ್ನುವುದು ಸಿನಿಮಾ ಮಂದಿ ಇಂದಿಗೂ ಹೇಳುವ ಕಥೆ. ಅಕ್ಟೋಬರ್ 31ಕ್ಕೆ ಅವರು ಹೋದರು. ಆ ಐದು ಗೋಲಿನ ಅವಮಾನ ತಾಳಲಾರದೆ ಮೋಹನ್ ಬಗಾನಿನ ಒಬ್ಬ ತರುಣ ಅಭಿಮಾನಿ ಪ್ರಾಣ ಬಿಟ್ಟ. ಇದನ್ನು ಹೇಳುವಾಗ ಕಾಕು ಮೊಮ್ಮಗನನ್ನು ಬಾವುಟ ನೋಡಿಕೊಂಡು ಬಾ ಅಂತ ಆಚೆಗೆ ಕಳಿಸಿದ್ದರು.

ಎದುರಿಗೇ ಈಡನ್ ಗಾರ್ಡನ್ಸ್. ಪೆಲೆ 1977ರಲ್ಲಿ ಕಾಸ್ಮಾಸ್ ತಂಡದೊಂದಿಗೆ ಬಂದು ಮೋಹನ್ ಬಗಾನ್ ಜೊತೆ 2-2 ಆಡಿ ಹೋದದ್ದು ಇಲ್ಲೇ. ಒಳಗೆ ಬಿಡ್ತಾರೇನೋ, ಇಣುಕೋಣ ಅಂದೆ. ಕಾಕು ರಸ್ತೆ ದಾಟಲಿಲ್ಲ. "ನಾನು ಬರಲ್ಲ. ನಲವತ್ಮೂರು ವರ್ಷ ಆಯ್ತು."

1980ರ ಆಗಸ್ಟ್ 16. ಉತ್ತಮ್ ಕುಮಾರ್ ಸತ್ತು ಇನ್ನೂ ತಿಂಗಳಾಗಿರಲಿಲ್ಲ, ನಗರ ಆ ದುಃಖದಲ್ಲೇ ಇತ್ತು. ಈಡನ್ನಿನಲ್ಲಿ ಡರ್ಬಿ. ಎರಡೂ ಕಡೆಯ ಅಭಿಮಾನಿಗಳು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ಕೂತಿದ್ದರು. ಒಳಗೆ ಇಬ್ಬರು ಆಟಗಾರರ ನಡುವೆ ತಳ್ಳಾಟ, ರೆಡ್ ಕಾರ್ಡು. ಮೇಲೆ ಕಲ್ಲು ಹಾರಿದವು. ಜನ ಮೆಟ್ಟಿಲ ಕಡೆ ನುಗ್ಗಿದರು. ಹದಿನಾರು ಜನ ಸತ್ತರು.

ಕಾಕುಗೆ ಆಗ ಹತ್ತೊಂಬತ್ತು. "ಒಂದು ಕಾಲಿನ ಚಪ್ಪಲಿ ಅಲ್ಲೇ ಹೋಯ್ತು. ಇನ್ನೊಂದನ್ನ ಕೈಯಲ್ಲಿ ಹಿಡಕೊಂಡು ಜಾದವ್‌ಪುರದವರೆಗೂ ನಡಕೊಂಡು ಹೋದೆ. ಯಾಕೆ ಹಿಡಕೊಂಡಿದ್ದೆನೋ ಗೊತ್ತಿಲ್ಲ. ನಮ್ಮ ಕಾಲೋನಿಯಲ್ಲಿ ಯಾರ ಮನೇಲೂ ಫೋನಿಲ್ಲ. ಅಮ್ಮ ಬೀದಿ ತುದೀಲಿ ನಿಂತಿದ್ಲು. ಬಾರಿಸಾಲಿಂದ ಬರೋವಾಗಲೂ ಅಳದವಳು, ಅವತ್ತು ಅತ್ತು ಕಪಾಳಕ್ಕೆ ಹೊಡೆದ್ಲು."

ಆಮೇಲೆ ಮನ್ನಾ ಡೇ ಆ ದಿನದ ಬಗ್ಗೆಯೂ ಒಂದು ಹಾಡು ಹಾಡಿದರು, ಆಟ ನೋಡಲು ಹೋಗಿ ಮನೆಗೆ ಬಾರದ ಹುಡುಗನ ಹಾಡು. ಈಗ ಪ್ರತಿ ಆಗಸ್ಟ್ 16 ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನ. ಆ ಹದಿನಾರು ಜನರ ನೆನಪಿಗೆ ರಕ್ತದಾನ ಮಾಡುತ್ತಾರೆ. ರಕ್ತದ ಬಾಟಲಿಗೆ ಇಲಿಶ್, ಚಿಂಗ್ರಿ ಅಂತ ಚೀಟಿ ಅಂಟಿಸೋದಿಲ್ಲ.

ಇದನ್ನು ಈಗ ಬರೆಯುವಾಗ ನನ್ನ ಮುಂದೆ ಇನ್ನೊಂದು ತಾರೀಖು ನಿಂತಿದೆ. 2025ರ ಜೂನ್ 4. ಆರ್‌ಸಿಬಿ ಕಪ್ ಗೆದ್ದ ಮರುದಿನ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನಲ್ಲಿ ಹನ್ನೊಂದು ಜನ ಹೋದರಲ್ಲ. ನಮ್ಮ ನಿಮ್ಮ ವಯಸ್ಸಿನವರು. ಅಲ್ಲಿ ಎದುರಾಳಿ ಅಭಿಮಾನಿ ಅಂತ ಯಾರೂ ಇರಲೂ ಇಲ್ಲ, ಎಲ್ಲರೂ ಒಂದೇ ಬಣ್ಣ. ಅಣ್ಣಾವ್ರು ನಮ್ಮನ್ನು ಅಭಿಮಾನಿ ದೇವರು ಅಂದರು. ಗೇಟಿನಲ್ಲಿ ನೂಕುವಾಗ ಮುಂದಿನವನೂ ದೇವರೇ ಅಂತ ನಮಗೆ ನೆನಪಿರುತ್ತಾ?

ಕ್ಲೈಮ್ಯಾಕ್ಸ್

ಒಂದೂವರೆಗೆ ಬಸ್ಸು ಹತ್ತಿದೆವು. ಬೈಪಾಸ್ ರಸ್ತೆ ಸೇರುವಷ್ಟರಲ್ಲಿ ಬಣ್ಣಗಳ ಪ್ರವಾಹ! ಮಿನಿ ಲಾರಿಗಳ ತುಂಬ ಹುಡುಗರು, ಡೋಲು, ಬಾಳೆಗೊನೆಯಂತೆ ನೇತಾಡುವ ಜನ. ಎರಡು ಲಾರಿ ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತವು. ಈ ಕಡೆಯವರು ಆ ಕಡೆಯವರ ಅಜ್ಜಂದಿರವರೆಗೂ ಬೈದರು. ಆ ಕಡೆಯವನೊಬ್ಬ ಬೀಡಿಗೆ ಬೆಂಕಿ ಕೇಳಿದ, ಈ ಕಡೆಯವನು ಬೈಗುಳ ನಿಲ್ಲಿಸಿ ಬೆಂಕಿಪೊಟ್ಟಣ ಎಸೆದ. ಹಸಿರು ದೀಪ ಬಿದ್ದ ಮೇಲೆ ಬೈಗುಳ ಮುಂದುವರಿಯಿತು.

ಸಾಲ್ಟ್ ಲೇಕ್ ಸ್ಟೇಡಿಯಂ 1984ರಲ್ಲಿ ತೆರೆದದ್ದು. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್ ಡರ್ಬಿಗೆ ಇಲ್ಲಿ 1,31,000 ಜನ ಸೇರಿದ್ದರು. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು ಈಸ್ಟ್ ಬೆಂಗಾಲ್ 4-1. 2017ರ ಕಿರಿಯರ ವಿಶ್ವಕಪ್ಪಿಗೆ ರಿಪೇರಿ ಮಾಡಿದ ಮೇಲೆ ಸೀಟು ಕಡಿಮೆಯಾಗಿವೆ. ಗೇಟಿನಲ್ಲಿ ಪೊಲೀಸರು ಕಾಕುವನ್ನು ಒಂದು ಕಡೆ, ಮೊಮ್ಮಗನನ್ನು ಇನ್ನೊಂದು ಕಡೆ ತೋರಿಸಿದರು. ಅಭಿಮಾನಿಗಳು ಬೇರೆ ಬೇರೆ ಕೂರಬೇಕು, ಅದು ಈಗಿನ ಕಾನೂನು. ಹುಡುಗ ಅಳುಮುಖ ಮಾಡಿದ. ಕಾಕು ಒಂದು ನಿಮಿಷ ನಿಂತರು. ಆಮೇಲೆ ಕೊರಳಿನ ಕೆಂಪು-ಹಳದಿ ಶಾಲು ತೆಗೆದು, ನೀಟಾಗಿ ಮಡಚಿ, ಅಂಗಿ ಒಳಗೆ ಹೊಟ್ಟೆಗೆ ಸಿಕ್ಕಿಸಿಕೊಂಡರು. ಮೊಮ್ಮಗನ ಕೈ ಹಿಡಿದು ಮೋಹನ್ ಬಗಾನ್ ಗೇಟಿಗೆ ನಡೆದರು. ನನ್ನ ಟಿಕೆಟ್ಟೂ ಅದೇ ಕಡೆಯದು. ಅರವತ್ತೆರಡು ವರ್ಷದ ಬಾಂಗಾಲ್ ಘೋಟಿಗಳ ಸಮುದ್ರದಲ್ಲಿ ಕೂತ ದೃಶ್ಯ! ಪುಟ್ಟಣ್ಣನವರು ಇದ್ದಿದ್ದರೆ ಕ್ಲೋಸಪ್ಪಿನಲ್ಲೇ ಎರಡು ರೀಲು ತೆಗೆಯುತ್ತಿದ್ದರು.

ಪಂದ್ಯದ ಬಗ್ಗೆ ಸ್ಪೋರ್ಟ್ಸ್ ಪೇಜಿನವರು ಬರೆದಿದ್ದಾರೆ, ನಾನು ಉದ್ದ ಮಾಡಲ್ಲ. 62ನೇ ನಿಮಿಷಕ್ಕೆ ಮೋಹನ್ ಬಗಾನಿನ ಅನಿರುದ್ಧ್ ಥಾಪಾಗೆ ರೆಡ್ ಕಾರ್ಡ್. ಹತ್ತೇ ಜನ ಉಳಿದರು. ಕಾಕು ಅಂಗಿಯ ಮೇಲಿಂದ ಹೊಟ್ಟೆ ಮುಟ್ಟಿಕೊಂಡದ್ದನ್ನು ನಾನೊಬ್ಬನೇ ನೋಡಿದೆ. 71ಕ್ಕೆ ಆಸ್ಟ್ರೇಲಿಯಾದ ದಿಮಿತ್ರಿ ಪೆಟ್ರಾಟೋಸ್ ಎಡಗಾಲಲ್ಲಿ ಹೊಡೆದ ಚೆಂಡು ಬಲೆಯೊಳಗೆ. ನನ್ನ ಕಿವಿ ಬಂದ್. ಹುಡುಗ ಅಜ್ಜನ ಹೆಗಲೇರಿ ಕುಣಿಯುತ್ತಿದ್ದ. ಅಜ್ಜ ಅವನ ಎರಡೂ ಕಾಲು ಗಟ್ಟಿಯಾಗಿ ಹಿಡಿದು, ಮೈದಾನ ನೋಡದೆ, ಕೆಳಗೆ ಮೆಟ್ಟಿಲ ಕಡೆ ನೋಡುತ್ತಿದ್ದರು. ಆಟ 1-0ಗೆ ಮುಗಿಯಿತು. ಹದಿನೇಳನೇ ಕಪ್ ಮೋಹನ್ ಬಗಾನಿಗೆ.

ಜನ ಎಲ್ಲಾ ಇಳಿದು ಹೋಗುವವರೆಗೆ ಕಾಕು ಸೀಟು ಬಿಟ್ಟು ಏಳಲಿಲ್ಲ, ನಮ್ಮನ್ನೂ ಏಳಗೊಡಲಿಲ್ಲ. ಹೊರಗೆ ಬಂದು ಮನೆಗೆ ಫೋನು ಮಾಡಿದರು. ಎರಡೇ ಮಾತು: "ಹೊರಗೆ ಬಂದ್ವಿ. ಬರ್ತಿದೀವಿ." ಆ ಕಡೆಯಿಂದ ಸೊಸೆ ಏನೋ ಹೇಳಿ ನಕ್ಕದ್ದು ನನಗೂ ಕೇಳಿಸಿತು.

ಮಾನಿಕ್‌ತಲಾ ಮಾರ್ಕೆಟ್ಟಿನ ಹತ್ತಿರ ಮೂವರೂ ಇಳಿದೆವು. ಸೋತವರು ಸೀಗಡಿ ಕೊಡಿಸಬೇಕು, ಅದು ಬೆಳಿಗ್ಗೆಯೇ ಆದ ಪಂದ್ಯದ ಕರಾರು. ಮೀನಿನವನ ಮುಂದೆ ಸೀಗಡಿ ರಾಶಿ, ಅವನ ಕೊರಳಿಗೆ ಹಸಿರು-ಮೆರೂನ್. ಕಾಕು ಅಂಗಿಯೊಳಗಿಂದ ಶಾಲು ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡು ರೇಟು ಕೇಳಿದರು. ಅವನು ಶಾಲು ನೋಡಿ ಹೇಳಿದ ರೇಟಿಗೆ ಅರ್ಧ ಮಾರ್ಕೆಟ್ಟೇ ನಕ್ಕಿತು.

"ನೋಡಿದ್ಯಾ ತಮ್ಮಾ ಈ ಕಳ್ಳನ್ನ?" ಅಂತ ನನ್ನ ಕಡೆ ತಿರುಗಿದ ಕಾಕು, ಚೀಲ ಬಿಚ್ಚಿ ಒಂದು ಕಿಲೋ ತೂಗಲು ಹೇಳಿದರು.